ಉಪ್ಪಿನಕಾಯಿ ಕೋಣೆಗೆ ಬಂದ ಹುಡುಗಿ

ಸೋಯಾ ಕಾಳಿನ ಮಿಸೊ ಸಾರಿನ ಬಟ್ಟಲನ್ನು ತುಟಿಯಿಂದ ಇಳಿಸಿ ಯೋನೆ ಅಜ್ಜಿ ಅದರೊಳಕ್ಕೆ ಬಗ್ಗಿ ನೋಡಿದಳು. ಸಾರು ಎಷ್ಟು ತಿಳಿಯಾಗಿತ್ತೆಂದರೆ ಬಟ್ಟಲಿನ ತಳದ ಕೆಂಪು ಬಣ್ಣ ಕಾಣುತ್ತಿತ್ತು.

"ಸನಾಯೆ, ಇದೇನು ಸಾರೋ, ಬಟ್ಟಲು ತೊಳೆದ ನೀರೋ?"

"ಡಾಕ್ಟರು ಹೇಳಿದಷ್ಟೇ ಹಾಕಿದೀನಿ ಅತ್ತೆ."

"ಡಾಕ್ಟರು ಬಂದು ಉಣ್ತಾರಾ ಇದನ್ನ?"

ಮಗ ತೆತ್ಸುಜಿ ಟಿವಿಯಿಂದ ಕಣ್ಣು ತೆಗೆಯದೆ ಅನ್ನ ಅಗಿಯುತ್ತಿದ್ದ. ಹಗಲು ರೈತರ ಸಂಘದ ಗೋದಾಮಿನಲ್ಲಿ ಕೆಲಸ, ರಜೆಯ ದಿನ ಮನೆ ಹಿಂದಿನ ಉದ್ದ ಈರುಳ್ಳಿ ಹೊಲ. ಅಮ್ಮ ಮತ್ತು ಹೆಂಡತಿಯ ನಡುವೆ ಮಾತು ಏಳುವಾಗ ಬಾಯಲ್ಲಿ ಅನ್ನ ಇಟ್ಟುಕೊಂಡಿರುವುದು ಅವನ ರೂಢಿ. ಮೊಮ್ಮಗಳು ಹೊನೋಕಾ ಮಾತ್ರ ಮೇಜಿನ ಕೆಳಗೆ ಫೋನು ನೋಡುತ್ತಾ ನಕ್ಕಳು.

ವಸಂತದಲ್ಲಿ ಯೋನೆ ಒಮ್ಮೆ ಎಡಗೈ ಜೋಮು ಹಿಡಿದು ಆಸ್ಪತ್ರೆ ಸೇರಿದ್ದಳು. ರಕ್ತದೊತ್ತಡ. ಅಂದಿನಿಂದ ಮನೆಯ ಉಪ್ಪು ಸನಾಯೆಯ ಕೈಗೆ ಹೋಯಿತು. ಅವಳು ಊರಾಚೆಯ ವೃದ್ಧಾಶ್ರಮದ ಅಡಿಗೆಮನೆಯಲ್ಲಿ ಕೆಲಸ ಮಾಡುವವಳು. ಅಲ್ಲಿನಂತೆ ಇಲ್ಲೂ ಉಪ್ಪನ್ನು ತಕ್ಕಡಿಗಿಟ್ಟು ಹಾಕತೊಡಗಿದಳು.

"ಇನ್ನೊಂದು ಮಾತು," ಅಂದಳು ಸನಾಯೆ, ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಾ. "ಭಾನುವಾರ ಪೇಟೆಯ ಜಪಾನಿ ಭಾಷಾ ಶಾಲೆಯವರು ಬರ್ತಾರೆ. ಹಿಂಮನೆ ನೋಡೋಕೆ."

"ಯಾಕೆ?"

"ಶಾಲೆಯ ಹಾಸ್ಟೆಲ್ಲು ಹಳೇದಾಯ್ತಂತೆ, ಕೆಡವ್ತಾರಂತೆ. ಹುಡುಗರೆಲ್ಲ ಮನೆ ಹುಡುಕ್ತಿದಾರೆ. ಒಂದು ಹುಡುಗಿಗೆ ಎಲ್ಲೂ ಸಿಕ್ಕಿಲ್ಲ. ಆ ಶಾಲೆಯ ಹಿರೋಸೆ ಅವರ ತಾಯಿ ನಮ್ಮ ಆಶ್ರಮದಲ್ಲೇ ಇರೋದು. ಕೇಳಿದ್ರು, ಹೂಂ ಅಂದೆ."

ಯೋನೆಯ ಕೈಯ ಊಟದ ಕಡ್ಡಿಗಳು ನಿಂತವು. "ಹಿಂಮನೇಲಿ ನನ್ನ ಪೀಪಾಯಿಗಳಿದಾವೆ."

"ಗೊತ್ತು ಅತ್ತೆ."

"ಗೊತ್ತಿದ್ದೇ ಹೇಳ್ತಿದೀಯಾ?"

ಸನಾಯೆ ನಲ್ಲಿ ತಿರುಗಿಸಿದಳು. ಉತ್ತರ ಅದೇ ಆಗಿತ್ತು.

ಹಿಂಮನೆ ಅಂದರೆ ದೊಡ್ಡದೇನಲ್ಲ. ಅಂಗಳದ ಆಚೆ ಒಂದು ಚಾಪೆ ಕೋಣೆ, ಅದರ ಮುಂದೆ ಮಣ್ಣು ನೆಲದ ಸ್ವಲ್ಪ ಜಾಗ, ಒಂದು ಒಲೆ, ಒಂದು ನಲ್ಲಿ. ಯೋನೆಯ ಗಂಡ ಕಾಯಿಲೆಯ ವರ್ಷಗಳಲ್ಲಿ ಅಲ್ಲಿ ಮಲಗುತ್ತಿದ್ದ. ಅವನು ಹೋದ ಮೇಲೆ ಅದು ಉಪ್ಪಿನಕಾಯಿ ಕೋಣೆಯಾಯಿತು. ಚಳಿ ಶುರುವಾಗುವ ಹೊತ್ತಿಗೆ ಮೂಲಂಗಿಗಳನ್ನು ಕಂಬಕ್ಕೆ ಕಟ್ಟಿ ಒಣಗಿಸಿ, ತೌಡು ಉಪ್ಪು ಬೆರೆಸಿ ಪೀಪಾಯಿಯಲ್ಲಿ ತುಂಬಿ, ಮೇಲೆ ಹೊಳೆಯ ಕಲ್ಲು ಹೇರುವುದು ಯೋನೆಯ ಕೆಲಸ. ಮದುವೆಯಾಗಿ ಬಂದ ವರ್ಷದಿಂದ ಅದೇ ಕಲ್ಲು. ಓಣಿಯ ಮನೆಗಳೆಲ್ಲ ಹೊಸ ವರ್ಷಕ್ಕೆ ಯೋನೆಯ ಮೂಲಂಗಿ ಬಾರದೆ ಊಟಕ್ಕೆ ಕೂರುತ್ತಿರಲಿಲ್ಲ. ಉಪ್ಪಿಲ್ಲದ ಮನೆಯಲ್ಲಿ ಅಂಥ ಕೋಣೆ ಎಷ್ಟು ದಿನ ಉಳಿಯುತ್ತದೆ?

*

ಭಾನುವಾರ ಹಿರೋಸೆ ತನ್ನ ಚಿಕ್ಕ ಕಾರಿನಲ್ಲಿ ಹುಡುಗಿಯನ್ನು ಕರೆತಂದ. ಬರ್ಮಾದವಳು, ಹೆಸರು ಸಂದಾ. ಇಪ್ಪತ್ತರ ಮೇಲೆ ಎರಡೋ ಮೂರೋ ಇರಬೇಕು. ಕೆನ್ನೆಗಳ ಮೇಲೆ ತಿಳಿಹಳದಿ ಗಂಧ ಸವರಿಕೊಂಡಿದ್ದಳು. ಯೋನೆ ಅದನ್ನೇ ನೋಡುತ್ತಾ ಕೂತಳು.

"ಮುಖಕ್ಕೆ ಏನು ಅದು? ಕಾಯಿಲೆಯೇನಾದ್ರೂ...?"

"ಇದು ಮರದ ಗಂಧ. ನಮ್ಮ ದೇಶದಲ್ಲಿ ಎಲ್ಲರೂ ಹಚ್ಚಿಕೊಳ್ಳುತ್ತಾರೆ," ಅಂದಳು ಸಂದಾ. ಪಾಠದ ಪುಸ್ತಕವನ್ನು ಎದ್ದು ನಿಂತು ಓದಿದ ಹಾಗೆ ಮಾತು. "ತಮಗೆ ಇಷ್ಟವಾಗದಿದ್ದರೆ ನಾನು ತೊಳೆದುಕೊಳ್ಳುತ್ತೇನೆ."

"ಬೇಡ ಬೇಡ," ಅಂದ ತೆತ್ಸುಜಿ ಗಾಬರಿಯಿಂದ.

ಹಿರೋಸೆ ಟೀ ಕುಡಿಯುತ್ತಾ ಪಾಡು ಹೇಳಿಕೊಂಡ. ಪೇಟೆಯ ಬಾಡಿಗೆ ದಲ್ಲಾಳಿಗಳ ಅಂಗಡಿಗಳನ್ನೆಲ್ಲ ಹತ್ತಿ ಇಳಿದದ್ದಾಗಿತ್ತು. ಫೋನಿನಲ್ಲಿ ಖಾಲಿ ಇದೆ ಅಂದ ಮನೆ, ಹುಡುಗಿಯ ಮುಖ ಕಂಡ ಕೂಡಲೇ ಈಗ ತಾನೆ ಹೋಯಿತು ಅನ್ನಿಸಿಕೊಳ್ಳುತ್ತಿತ್ತು. ಎಲ್ಲೋ ಒಬ್ಬ ಒಪ್ಪಿದರೆ ಜಾಮೀನಿಗೆ ಜಪಾನಿನ ನೆಂಟರು ಯಾರಿದ್ದಾರೆ ಅಂತ ಕೇಳುತ್ತಿದ್ದ. "ಫೆಬ್ರವರಿಯಲ್ಲಿ ಇವಳ ವೀಸಾ ಮುಂದುವರಿಸಬೇಕು. ಅದಕ್ಕೊಂದು ಗಟ್ಟಿ ವಿಳಾಸ ಬೇಕು. ಇಲ್ಲದಿದ್ದರೆ ವಾಪಸು ಹೋಗಬೇಕಾಗುತ್ತೆ. ಅವಳ ಊರಿನ ಕಡೆ ಈಗ ಹೋಗೋ ಹಾಗೂ ಇಲ್ಲ. ಟಿವೀಲಿ ನೋಡಿರ್ತೀರಿ."

ಸಂದಾ ತಲೆ ತಗ್ಗಿಸಿ ಕೂತಿದ್ದಳು.

"ಅಡಿಗೆ ಏನು ಮಾಡ್ತೀಯಾ?" ಯೋನೆ ಬಿಡಲಿಲ್ಲ. "ವಾಸನೆ ಬರೋದೇನಾದ್ರೂ?"

"ಸ್ವಲ್ಪ ಬರುತ್ತದೆ. ಕಿಟಕಿ ತೆರೆಯುತ್ತೇನೆ."

"ಗಂಡು ಹುಡುಗರು ಬರ್ತಾರಾ?"

"ಅಜ್ಜೀ!" ಹೊನೋಕಾ ಕೂಗಿದಳು.

"ನೀನು ಸುಮ್ನಿರೆ. ಕೇಳ್ಬೇಕಾದ್ದು ಮೊದ್ಲೇ ಕೇಳ್ಬೇಕು."

"ಬರುವುದಿಲ್ಲ," ಅಂದಳು ಸಂದಾ. "ಬೆಳಿಗ್ಗೆ ಶಾಲೆ, ಸಂಜೆ ಊಟದ ಡಬ್ಬಿ ಕಾರ್ಖಾನೆಯಲ್ಲಿ ಕೆಲಸ. ಬಂದರೆ ಯಾರೂ ಇರುವುದಿಲ್ಲ."

ಆ ಮಾತಿಗೆ ಸನಾಯೆ ಒಬ್ಬಳೇ ನಕ್ಕಳು.

ಪೀಪಾಯಿಗಳು ಕೊಟ್ಟಿಗೆಗೆ ಹೋದವು. ಕಲ್ಲುಗಳನ್ನು ತೆತ್ಸುಜಿ ಹಿಂಮನೆಯ ಸೂರಿನ ಕೆಳಗೆ ಸಾಲಾಗಿ ಇಟ್ಟ. ಯೋನೆ ಅಂಗಳದಲ್ಲಿ ನಿಂತು ಒಂದೊಂದು ಕಲ್ಲು ಹೊರಬರುವುದನ್ನೂ ನೋಡಿದಳು. ಕೊನೆಗೆ ಸೊಸೆಗೆ ಹೇಳಿದಳು:

"ಒಂದು ಕಟ್ಟಳೆ ನಂದೂ ಇರ್ಲಿ. ಅವಳ ಕಸದ ಚೀಲದ ಮೇಲೆ ಅವಳ ಹೆಸರೇ ಇರ್ಬೇಕು. ಮೊತೇಗಿ ಅಂತ ನಮ್ಮ ಮನೆತನದ ಹೆಸರು ಬರೆದು ಅವಳ ಕಸ ಹಾಕೋಕೆ ನಾನು ಬಿಡಲ್ಲ."

ಆ ಓಣಿಯಲ್ಲಿ ಕಸದ ಚೀಲ ಅರೆಪಾರದರ್ಶಕ, ಒಳಗಿನದು ಕಾಣಬೇಕು. ಮೇಲೆ ಮನೆಯ ಹೆಸರು ಬರೆದಿರಬೇಕು. ಸುಡುವ ಕಸ ಸೋಮವಾರ ಗುರುವಾರ, ಪ್ಲಾಸ್ಟಿಕ್ ತೊಳೆದು ಬುಧವಾರ. ತಪ್ಪಿದರೆ ಗಾಡಿಯವರು ಚೀಲದ ಮೇಲೆ ಕೆಂಪು ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಕೆಂಪು ಚೀಟಿ ಅಂಟಿದ ಚೀಲದ ಹೆಸರು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಆ ವರ್ಷ ಕಸದ ಉಸ್ತುವಾರಿ ಮೂಲೆಮನೆಯ ನೊಗಾಮಿಯದು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಅವನಿಗೆ ಬೇರೆಯವರ ಮನೆಯ ಸಂಗತಿ ತಿಳಿಯಲು ಉಳಿದಿದ್ದ ದಾರಿ ಅದೊಂದೇ.

"ಆಗ್ಲಿ ಅತ್ತೆ," ಅಂದಳು ಸನಾಯೆ. ಸಂದಾ ತನ್ನ ಮೊದಲ ಚೀಲದ ಮೇಲೆ ಮೂರು ದೊಡ್ಡ ಜಪಾನಿ ಅಕ್ಷರಗಳಲ್ಲಿ ಹೆಸರು ಬರೆದು, ಹಿಂಮನೆಯ ಗೋಡೆಯ ಪಕ್ಕ ಮುಚ್ಚಳದ ಬಕೆಟ್ಟಿನಲ್ಲಿ ಇಟ್ಟಳು.

*

ಅಕಾಗಿ ಬೆಟ್ಟದಿಂದ ಚಳಿಗಾಳಿ ಇಳಿದು ಬಂತು. ಈರುಳ್ಳಿ ಹೊಲದ ಮಣ್ಣು ಎದ್ದು ಒಗೆದ ಬಟ್ಟೆಗಳ ಮೇಲೆ ಕೂರತೊಡಗಿತು. ಮನೆಯವರು ಅಡಿಯಲ್ಲಿ ಕಾವು ಕೊಡುವ ಮೇಜಿನ ಕಂಬಳಿಯೊಳಗೆ ಕಾಲು ತೂರಿಸಿ ಊಟ ಮಾಡುವ ಕಾಲ ಬಂತು, ಮಾತೆಲ್ಲ ಹಿಂಮನೆಯ ಮೇಲೇ.

"ಅವಳ ಕೋಣೇಲಿ ಇಬ್ಬರು ಮಾತಾಡ್ತಾರೆ," ಅಂದಳು ಯೋನೆ ಒಂದು ದಿನ. "ನಾನೇ ಕೇಳಿದೀನಿ. ಒಬ್ಬರು ಕೇಳ್ತಾರೆ, ಒಬ್ಬರು ಹೇಳ್ತಾರೆ."

"ಏನಂತ?"

"'ಬ್ಯಾಂಕು ಎಲ್ಲಿದೆ?' 'ಬ್ಯಾಂಕು ಆಸ್ಪತ್ರೆಯ ಎದುರಿಗಿದೆ.' ಹೀಗೆ."

ಹೊನೋಕಾ ನಕ್ಕೂ ನಕ್ಕೂ ಕೆಮ್ಮಿದಳು. "ಪಾಠ ಅಜ್ಜಿ ಅದು! ಎರಡು ಪಾತ್ರಾನೂ ಅವಳೇ ಓದ್ಕೊಳ್ತಾಳೆ. ಡಿಸೆಂಬರ್‌ನಲ್ಲಿ ಪರೀಕ್ಷೆ ಇದೆ."

"ದನಿ ಬೇರೆ ಬೇರೆ ಇತ್ತು."

"ಬಾಗಿಲ ಹತ್ರ ನಿಂತು ಕೇಳ್ತಿದ್ರಾ?"

"ಬೆಳ್ಳುಳ್ಳಿ ಕೀಳೋಕೆ ಹೋಗಿದ್ದೆ."

"ಈ ಕಾಲದಲ್ಲಿ ಬೆಳ್ಳುಳ್ಳಿ?"

ತೆತ್ಸುಜಿ ನಕ್ಕ. ಆದರೆ ಮಾರನೆಯ ದಿನ ಅವನೂ ಹಿಂಮನೆಯ ಗ್ಯಾಸಿನ ಮೀಟರು ಬಗ್ಗಿ ನೋಡಿದ್ದನ್ನು ಸನಾಯೆ ಕಂಡಳು. ಸನಾಯೆಗೂ ನೆಮ್ಮದಿಯಿರಲಿಲ್ಲ. ಒಂದು ಗುರುವಾರ ಕೆಲಸಕ್ಕೆ ಹೋಗುವಾಗ ಸಂದಾಳ ಚೀಲದಲ್ಲಿ ಬಿಸಿನೀರು ಹುಯ್ದು ತಿನ್ನುವ ನೂಡಲ್ಸ್ ಡಬ್ಬಗಳ ಕಾಗದದ ಮುಚ್ಚಳ ಕಂಡಿದ್ದಳು. ಒಂದಲ್ಲ, ನಾಲ್ಕೈದು.

"ಹುಡುಗಿ ಅದೇ ತಿಂದ್ಕೊಂಡು ಬದುಕ್ತಿದಾಳೆ ಅನ್ಸುತ್ತೆ ರೀ. ಇಲ್ಲಾ ಯಾರೋ ಬಂದು ತಿಂತಿದಾರೆ."

"ಊಟಕ್ಕೆ ಕರೆದು ನೋಡು."

ರಜೆಯ ದಿನ ಸಂದಾಳನ್ನು ಊಟಕ್ಕೆ ಕರೆದರು. ಬರುವಾಗ ಒಂದು ಬಟ್ಟಲು ಮೂಲಂಗಿ ಸೊಪ್ಪಿನ ಪಲ್ಯ ತಂದಳು. ಚಪ್ಪಲಿಯನ್ನು ತುದಿ ಹೊರಮುಖವಾಗಿ ತಿರುಗಿಸಿಟ್ಟು ಒಳಗೆ ಬಂದಳು. ಸನಾಯೆಯ ತಿಳಿಸಾರನ್ನು ಎರಡು ಸಲ ಕೇಳಿ ಕುಡಿದಳು.

"ನೋಡಿದ್ರಾ ಅತ್ತೆ? ಎರಡನೇ ಸಲ ಹಾಕಿಸ್ಕೊಂಡ್ಳು."

"ಬಾಡಿಗೆ ಮನೇಲಿರೋರು ಎಲ್ಲಾನೂ ಚೆನ್ನಾಗಿದೆ ಅಂತಾರೆ," ಅಂದಳು ಯೋನೆ.

ಸಂದಾಗೆ ಅರ್ಥವಾಯಿತೋ ಇಲ್ಲವೋ. ತಟ್ಟೆಯಿಂದ ಕಣ್ಣೆತ್ತಿ ಯೋನೆಯನ್ನು ಒಮ್ಮೆ ನೋಡಿದಳು. ಯೋನೆ ಬಾಯೊಳಗೆ ಮಿಠಾಯಿ ಹಾಕಿಕೊಂಡು, ಅದರ ಕಾಗದವನ್ನು ಉದ್ದಕ್ಕೆ ಮಡಿಸಿ, ಸಣ್ಣ ಗಂಟು ಹಾಕಿ, ಮೇಜಿನ ಅಂಚಿನಲ್ಲಿಟ್ಟಳು. ಅದು ಅವಳ ಕೈಯ ಹಳೇ ಚಾಳಿ. ಯಾವ ಹಾಳೆ ಕೈಗೆ ಸಿಕ್ಕಿದರೂ ಗಂಟು ಹಾಕದೆ ಬಿಸಾಡಳು.

ಆ ತಿಂಗಳ ತಪಾಸಣೆಯಲ್ಲಿ ಯೋನೆಯ ರಕ್ತದೊತ್ತಡ ಇಳಿದಿರಲಿಲ್ಲ, ಏರಿತ್ತು. ಡಾಕ್ಟರು ಮಾತ್ರೆ ಹೆಚ್ಚಿಸಿ ಸನಾಯೆಯ ಕಡೆ ತಿರುಗಿ, "ಮನೇಲಿ ಇನ್ನೂ ಸ್ವಲ್ಪ ಕಡಿಮೆ ಮಾಡಿ," ಅಂದರು. ಸನಾಯೆಯ ಮುಖ ಸಣ್ಣದಾಯಿತು. ಆ ರಾತ್ರಿಯಿಂದ ಸಾರು ಇನ್ನೂ ತಿಳಿಯಾಯಿತು.

*

ಡಿಸೆಂಬರ್ ನಡುವೆ, ಒಂದು ಗುರುವಾರ ಮಧ್ಯಾಹ್ನ ನೊಗಾಮಿ ಚೀಲವೊಂದನ್ನು ಎತ್ತಿಕೊಂಡು ಅಂಗಳಕ್ಕೆ ಬಂದ. ಚೀಲದ ಮೇಲೆ ಕೆಂಪು ಚೀಟಿ, ಅದರ ಕೆಳಗೆ ಮೂರು ದೊಡ್ಡ ಅಕ್ಷರಗಳ ಹೆಸರು. ಸನಾಯೆಗೆ ಅಂದು ರಜೆ. ತೆತ್ಸುಜಿ ಊಟಕ್ಕೆ ಬಂದಿದ್ದ. ಸಂದಾ ಶಾಲೆ ಮುಗಿಸಿ ಕಾರ್ಖಾನೆಗೆ ಹೊರಡಲು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಳು.

"ಮೊತೇಗಿ ಅವರೇ, ಬೇಜಾರು ಮಾಡ್ಕೋಬೇಡಿ," ಅನ್ನುತ್ತಾ ನೊಗಾಮಿ ನೆಲಕ್ಕೆ ಹಳೇ ಪತ್ರಿಕೆ ಹಾಸಿದ. "ಆದ್ರೆ ನೋಡ್ಲೇಬೇಕು."

ಗಂಟು ಬಿಚ್ಚಿ ಸುರಿದ. ಎಲೆ, ತರಕಾರಿ ಸಿಪ್ಪೆ, ಟೀ ಸೊಪ್ಪು. ಅದರ ನಡುವಿನಿಂದ ನೂಡಲ್ಸ್ ಡಬ್ಬಗಳು ಉರುಳಿದವು, ತಳದಲ್ಲಿ ಸಾರು ಹಾಗೇ ಇತ್ತು. ಉಪ್ಪು ಮೀನಿನ ಗಾಜಿನ ಶೀಶೆ ಒಂದು. ಉಂಡು ಬಿಸಾಡುವ ಮರದ ಊಟದ ಕಡ್ಡಿಗಳು ಒಂದು ಹಿಡಿ.

"ಗಾಜು, ಪ್ಲಾಸ್ಟಿಕ್, ಸಾರು, ಎಲ್ಲ ಒಟ್ಟಿಗೆ!" ನೊಗಾಮಿ ಕಡ್ಡಿಗಳನ್ನು ಎಣಿಸುವವನಂತೆ ಬೆರಳಲ್ಲಿ ಬೇರೆ ಮಾಡಿದ. "ಅಮ್ಮಾ, ಒಳಗೆ ಎಷ್ಟು ಜನ ಇದ್ದೀರಿ?"

ಸಂದಾ ಪಂಪು ಕೆಳಗಿಟ್ಟಳು. ಡಬ್ಬಗಳನ್ನು ನೋಡಿದಳು. ಆಮೇಲೆ ಯೋನೆಯನ್ನು ನೋಡಿದಳು. ಯೋನೆ ಹೊಲದ ಕಡೆ ಮುಖ ಮಾಡಿ ಈರುಳ್ಳಿ ಸಾಲುಗಳನ್ನು ನೋಡುತ್ತಿದ್ದಳು.

"ನಾನು ಒಬ್ಬಳೇ ಇದ್ದೇನೆ."

"ಒಬ್ಬಳು ಇಷ್ಟು ತಿಂತಾಳಾ?"

"ಕ್ಷಮಿಸಿ. ಇನ್ನು ಮುಂದೆ ಎಚ್ಚರದಿಂದ ಇರುತ್ತೇನೆ." ಅವಳು ಸೊಂಟ ಬಗ್ಗಿಸಿ ನಿಂತಳು.

"ನಾನು ಮೊದ್ಲೇ ಹೇಳಿದ್ದೆ," ಅಂದಳು ಯೋನೆ ಹೊಲಕ್ಕೆ. "ಒಳಗೆ ಇಬ್ಬರ ದನಿ ಕೇಳುತ್ತೆ ಅಂತ."

ಸನಾಯೆ ಪೊರಕೆ, ಮೊರ ತಂದು ಕಸ ತುಂಬಲು ಕುಕ್ಕರಗಾಲಲ್ಲಿ ಕೂತಳು. ಡಬ್ಬಗಳ ಜತೆ ನೂಡಲ್ಸಿನ ಮಸಾಲೆ ಪುಡಿಯ ಖಾಲಿ ಚೀಟಿಗಳು ಇದ್ದವು. ಒಂದೊಂದೂ ಉದ್ದಕ್ಕೆ ಮಡಿಸಿ, ಸಣ್ಣಗೆ ಗಂಟು ಹಾಕಿದ್ದವು. ಅವಳ ಕೈ ನಿಂತಿತು. ತಲೆ ಎತ್ತಿದರೆ ಎದುರಿಗೆ ನೊಗಾಮಿಯ ಕನ್ನಡಕ, ಪಕ್ಕದಲ್ಲಿ ಗಂಡ. ಆಶ್ರಮದ ಅಡಿಗೆಯವಳ ಅತ್ತೆ ಕದ್ದು ನೂಡಲ್ಸ್ ತಿನ್ನುತ್ತಾಳೆ ಅನ್ನುವ ಮಾತು ಸಂಜೆಯೊಳಗೆ ಎಲ್ಲೆಲ್ಲಿ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಒಂದು ಗಂಟನ್ನು ಮಡಿಲ ಜೇಬಿಗೆ ಹಾಕಿಕೊಂಡಳು. ಉಳಿದದ್ದನ್ನು ಗುಡಿಸಿದಳು.

*

"ಜನವರಿ ಕೊನೇವರೆಗೆ ಸಮಯ ಕೊಡೋಣ," ಅಂದ ತೆತ್ಸುಜಿ ರಾತ್ರಿ ಊಟದಲ್ಲಿ. ಬಾಯಲ್ಲಿ ಅನ್ನವಿರಲಿಲ್ಲ. "ನೊಗಾಮಿ ಹೊಸ ವರ್ಷದ ಓಣಿ ಸಭೇಲಿ ಎತ್ತದೆ ಬಿಡಲ್ಲ. ಅದಕ್ಕೆ ಮೊದ್ಲೇ ನಾವೇ ಹೇಳಿಬಿಟ್ರೆ ಮರ್ಯಾದೆ."

"ಯಾರ ಮರ್ಯಾದೆ?" ಹೊನೋಕಾ ಕಡ್ಡಿ ಕೆಳಗಿಟ್ಟಳು. "ಫೆಬ್ರವರೀಲಿ ಅವಳಿಗೆ ವಿಳಾಸ ಬೇಕು ಅಂತ ಗೊತ್ತಲ್ಲ ಅಪ್ಪ? ಒಂದು ಚೀಲ ಕಸಕ್ಕೆ ದೇಶ ಬಿಟ್ಟು ಓಡಿಸ್ತೀರಾ?"

"ಒಂದು ಚೀಲ ಅಲ್ಲ, ಸುಳ್ಳು. ಒಳಗೆ ಯಾರನ್ನೋ ಇಟ್ಕೊಂಡು ಒಬ್ಬಳೇ ಅಂದ್ಳು."

"ನೀವು ನೋಡಿದ್ರಾ ಯಾರನ್ನಾದ್ರೂ?"

"ಕಡ್ಡಿಗಳು ಸುಳ್ಳು ಹೇಳ್ತಾವಾ?" ಅಂದಳು ಯೋನೆ.

ಸನಾಯೆ ಅತ್ತೆಯ ಮುಖ ನೋಡಿದಳು. ಯೋನೆ ಸಾರು ಕುಡಿದಳು. ಅಂದು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮಾರನೆಯ ದಿನ ತೆತ್ಸುಜಿ ಶಾಲೆಗೆ ಫೋನು ಮಾಡಿದ. ಹಿರೋಸೆ ಆ ಕಡೆಯಿಂದ ತುಂಬಾ ಹೊತ್ತು ಕ್ಷಮೆ ಕೇಳಿದ. ಮತ್ತೆ ದಲ್ಲಾಳಿಗಳ ಅಂಗಡಿ, ಮತ್ತೆ ಅದೇ 'ಈಗ ತಾನೆ ಹೋಯಿತು.' ಸಂದಾ ಕೆಲಸವಿಲ್ಲದ ಸಂಜೆಗಳಲ್ಲಿ ಹಿರೋಸೆಯ ಕಾರಿನಲ್ಲಿ ಕೂತು ಹೋಗಿ, ಕತ್ತಲಾದ ಮೇಲೆ ಅದೇ ಕಾರಿನಿಂದ ಇಳಿಯುವುದು ಕಾಣುತ್ತಿತ್ತು. ಹೊಸ ವರ್ಷ ಬಂತು. ಅಕ್ಕಿಯ ಕಡುಬು ಬೇಯಿಸಿದ ಸಾರಿಗೂ ಸನಾಯೆ ತಕ್ಕಡಿ ಹಿಡಿದಳು. ಆ ವರ್ಷ ಓಣಿಯ ಯಾವ ಮನೆಗೂ ಯೋನೆಯ ಮೂಲಂಗಿ ಹೋಗಲಿಲ್ಲ. ಓಣಿ ಸಭೆಯಲ್ಲಿ ನೊಗಾಮಿ ವಿಷಯ ಎತ್ತಿದ. "ತಿಂಗಳ ಕೊನೆಗೆ ಹೋಗ್ತಾಳೆ," ಅಂದ ತೆತ್ಸುಜಿ. ಎಲ್ಲರೂ ಒಳ್ಳೆಯದಾಯಿತು ಅಂದರು.

ಒಂದು ಭಾನುವಾರ ತೆತ್ಸುಜಿ ಕೊಟ್ಟಿಗೆಯಿಂದ ಒಂದು ಪೀಪಾಯಿ ಹೊರಗೆ ಉರುಳಿಸಿ ತೊಳೆಯತೊಡಗಿದ. "ಅಮ್ಮಾ, ಕೋಣೆ ಖಾಲಿಯಾದ ಮೇಲೆ ಒಳಗಿಡೋಣ. ಒಂದಾದ್ರೂ ಇರ್ಲಿ, ಉಪ್ಪು ಕಡಿಮೆ ಹಾಕಿ ಮಾಡ್ಕೋ."

ಯೋನೆ ಜಗುಲಿಯ ಮೇಲಿಂದ ನೋಡಿದಳು. ಸಂತೋಷಪಡಬೇಕಾದವಳು ಒಳಗೆ ಎದ್ದು ಹೋದಳು.

ಅಂದು ಸಂಜೆ ಸನಾಯೆ ಹಿಂಮನೆಯ ಬಾಗಿಲು ತಟ್ಟಿದಳು. ಸಂದಾ ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದಳು.

"ಅವು ನಿನ್ನ ಡಬ್ಬ ಅಲ್ಲ, ಅಲ್ವಾ?"

ಸಂದಾ ಪುಸ್ತಕ ಹಿಡಿದೇ ನಿಂತಳು.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಬಂದ ಮುಂದಿನ ವಾರದಿಂದ. ಬುಧವಾರಕ್ಕೆ ಮೊದಲು ನಾನು ಅವನ್ನು ತೆಗೆದು ತೊಳೆದು ಪ್ಲಾಸ್ಟಿಕ್ಕಿಗೆ ಹಾಕುತ್ತಿದ್ದೆ. ಪರೀಕ್ಷೆಯಾದ ಮೇಲೆ ಕಾರ್ಖಾನೆಯಲ್ಲಿ ಹೆಚ್ಚು ಕೆಲಸ ಇತ್ತು. ಆ ದಿನ ನೋಡದೆ ಕಟ್ಟಿದೆ."

"ನೊಗಾಮಿ ಮುಂದೆ ಯಾಕೆ ಹೇಳಲಿಲ್ಲ?"

"ಅಜ್ಜಿ ಬೇಕೆಂದೇ ಹಾಕುತ್ತಿದ್ದಾರೆ ಎಂದು ತಿಳಿದಿದ್ದೆ. ನನ್ನನ್ನು ಓಡಿಸಲು." ಅವಳು ಪುಸ್ತಕ ಪೆಟ್ಟಿಗೆಗೆ ಇಟ್ಟಳು. "ಮನೆಯ ಹಿರಿಯರು ಓಡಿಸಬೇಕೆಂದರೆ, ನಾನು ಹೇಳಿದರೆ ಬೇಗ ಹೋಗಬೇಕು. ಹೇಳದಿದ್ದರೆ ನಿಧಾನವಾಗಿ. ನನಗೆ ಫೆಬ್ರವರಿಯವರೆಗೆ ಬೇಕಾಗಿತ್ತು." ಸ್ವಲ್ಪ ತಡೆದು ಕೇಳಿದಳು: "ಸನಾಯೆ ಅವರಿಗೆ ಯಾವಾಗಿನಿಂದ ಗೊತ್ತು?"

ಸನಾಯೆ ಚಪ್ಪಲಿ ಹುಡುಕಿಕೊಂಡಳು. "ಊಟ ಮಾಡಿದ್ಯಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಅಂಗಳ ದಾಟಿದಳು.

*

ಊಟಕ್ಕೆ ಕೂತಾಗ ಯೋನೆಯ ಅನ್ನದ ಬಟ್ಟಲಿನ ಪಕ್ಕ ಒಂದು ಪುಟ್ಟ ತಟ್ಟೆಯಿತ್ತು. ಉಪ್ಪಿನಕಾಯಿ ಬಡಿಸುವ ತಟ್ಟೆ. ಎಷ್ಟೋ ತಿಂಗಳಿಂದ ಕಪಾಟಿನಲ್ಲೇ ಇದ್ದದ್ದು. ಅದರ ನಡುವೆ ಒಂದು ಪುಡಿ ಚೀಟಿ, ಸಣ್ಣ ಗಂಟು ಹಾಕಿದ್ದು.

"ಇದೇನು?" ಅಂದಳು ಯೋನೆ.

"ನೊಗಾಮಿ ಬಿಚ್ಚಿದ ಚೀಲದಲ್ಲಿತ್ತು. ಗಂಟು ಚೆನ್ನಾಗಿದೆ ಅನ್ನಿಸ್ತು, ಎತ್ತಿಟ್ಟಿದ್ದೆ."

ತೆತ್ಸುಜಿ ಕುತ್ತಿಗೆ ಚಾಚಿ ನೋಡಿದ. ಹೊನೋಕಾ ಮೊದಲು ಚೀಟಿ ನೋಡಿದಳು, ಆಮೇಲೆ ಮೇಜಿನ ಅಂಚಿನಲ್ಲಿದ್ದ ಮಿಠಾಯಿ ಕಾಗದದ ಗಂಟು ನೋಡಿದಳು. "ಅಯ್ಯಯ್ಯೋ, ಅಜ್ಜೀ!"

"ಬಾಯಿ ಮುಚ್ಚೇ," ಅಂದಳು ಯೋನೆ. ಕಿವಿಯ ತುದಿ ಕೆಂಪಾಗಿತ್ತು. "ಒಂದು ತಿಂಗಳಿಂದ ಜೇಬಲ್ಲಿಟ್ಕೊಂಡು ತಿರುಗ್ತಿದೀಯಾ ಇದನ್ನ? ಅವತ್ತೇ ಯಾಕೆ ಬಾಯಿ ಬಿಡಲಿಲ್ಲ?"

"ನೀವ್ಯಾಕೆ ಬಿಡಲಿಲ್ಲ?"

"ನಿನ್ನ ಸಾರು ಕುಡಿದು ನೋಡು, ಗೊತ್ತಾಗುತ್ತೆ! ಬಾಯಿಗೆ ರುಚಿ ಅನ್ನೋದು ಸತ್ತು ಹೋಗಿದೆ. ಶುಕ್ರವಾರ ಅಂಗಡಿ ಗಾಡಿ ಬಂದಾಗ ಒಂದೆರಡು ತಗೊಂಡೆ. ಕೊಟ್ಟಿಗೇಲಿ ಕೂತು ತಿಂದೆ. ನನ್ನ ಮನೇಲೇ ಕಳ್ಳಿ ಹಾಗೆ."

"ಒಂದೆರಡಾ? ನಿಮ್ಮ ಒತ್ತಡ ಇಳೀಲಿಲ್ಲ ಅಂತ ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಂತವಳು ನಾನು. ಇನ್ನೂ ಕಡಿಮೆ ಮಾಡಿ ಅಂದ್ರು, ಮಾಡಿದೆ. ನಾವೆಲ್ಲ ಅದೇ ಸಾರು ಕುಡಿದ್ವಿ, ನೀವು ಕೊಟ್ಟಿಗೇಲಿ ನೂಡಲ್ಸು!"

"ಅಮ್ಮಾ," ಅಂದ ತೆತ್ಸುಜಿ. "ಹಾಗಾದ್ರೆ ಆ ಹುಡುಗಿ..."

"ಅತ್ತೆ ಹಾಕೋದನ್ನ ಅವಳು ಮೊದ್ಲೇ ನೋಡಿದಾಳೆ. ಓಡ್ಸೋಕೆ ಹಾಕ್ತಿದಾರೆ ಅಂದ್ಕೊಂಡು ಬಾಯಿ ಬಿಟ್ಟಿಲ್ಲ," ಅಂದಳು ಸನಾಯೆ. ಮೇಜಿನ ಮೇಲೆ ಸಾರು ಆರುತ್ತಿತ್ತು. ಯೋನೆ ಎದ್ದು, ತೋಳಿಲ್ಲದ ದಪ್ಪ ಅಂಗಿ ತೊಟ್ಟು, ಚಪ್ಪಲಿ ಎಳೆಯುತ್ತಾ ಅಂಗಳಕ್ಕೆ ಇಳಿದಳು.

ಸಂದಾ ಊಟಕ್ಕೆ ಕೂತಿದ್ದಳು. ಅನ್ನದ ಪಕ್ಕ ಒಂದು ಡಬ್ಬಿಯಲ್ಲಿ ಕಂದು ಬಣ್ಣದ ಮೀನಿನ ಗೊಜ್ಜು. ಕೋಣೆಯ ತುಂಬ ಅದರ ವಾಸನೆ. ಯೋನೆ ಒಳಗೆ ಬಂದು ಚಾಪೆಯ ಮೇಲೆ ಕೂತು, ಗೋಡೆ ಬದಿಯ ರಟ್ಟಿನ ಪೆಟ್ಟಿಗೆಗಳನ್ನು ನೋಡಿದಳು.

"ನಾನು ಹಾಕೋದು ನೋಡಿದ್ಯಂತೆ."

"ನೋಡಿದ್ದೇನೆ."

"ಓಡ್ಸೋಕೆ ಹಾಕ್ತಿದಾಳೆ ಅಂದ್ಕೊಂಡ್ಯಂತೆ."

"ಹೌದು."

ಯೋನೆ ಮೂಗಿನಲ್ಲಿ ಉಸಿರುಬಿಟ್ಟಳು. "ಬಚ್ಚಿಡೋಕೇ ಹಾಕಿದ್ದು. ಆದ್ರೆ ನೊಗಾಮಿ ಬಂದ ದಿನ... ಹೂಂ, ಹೋದ್ರೆ ಹೋಗ್ಲಿ ಅಂತಾನೂ ಇತ್ತು. ಇಲ್ಲ ಅಂತ ಹೇಳಲ್ಲ." ಅವಳ ಕಣ್ಣು ಡಬ್ಬಿಯ ಮೇಲೆ ನಿಂತಿತು. "ಅದೇನು, ಮೀನಾ?"

"ಮೀನಿನ ಗೊಜ್ಜು. ಅಮ್ಮ ಮಾಡಿದ್ದು."

"ಉಪ್ಪಾ?"

"ಬಹಳ ಉಪ್ಪು."

"ಒಂದು ಚೂರು..."

ಸಂದಾ ಡಬ್ಬಿಯ ಮುಚ್ಚಳ ಹಾಕಿ ಒತ್ತಿದಳು. "ಕೊಡುವುದಿಲ್ಲ, ಅಜ್ಜಿ."

ಯೋನೆ ಅವಳನ್ನೇ ದಿಟ್ಟಿಸಿದಳು. "ನೀನೂ ಅವಳ ಪಕ್ಷವೇ," ಅಂದು ಮೊಣಕಾಲ ಮೇಲೆ ಕೈಯೂರಿ ಎದ್ದಳು.

*

ಗುರುವಾರ ಬೆಳಿಗ್ಗೆ ಕಸದ ಕಟ್ಟೆಯ ಬಳಿ ಮೂರು ನಾಲ್ಕು ಹೆಂಗಸರು ನಿಂತಿದ್ದರು. ನೊಗಾಮಿ ಪೊರಕೆ ಹಿಡಿದು, ಬಂದ ಚೀಲಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದ. ಸನಾಯೆ ಕೆಲಸಕ್ಕೆ ಹೊರಟವಳು ಸೈಕಲ್ಲು ನಿಲ್ಲಿಸಿ ಮನೆಯ ಚೀಲ ಇಟ್ಟಳು. ಅವಳ ಹಿಂದೆಯೇ ಸಂದಾ ತನ್ನ ಚೀಲ ತಂದಳು. ನೊಗಾಮಿ ಅದನ್ನು ಬೆಳಕಿಗೆ ಎತ್ತಿ ಹಿಡಿದ.

"ಕೆಳಗಿಡೋ ಅದನ್ನ."

ಎಲ್ಲರೂ ತಿರುಗಿದರು. ಯೋನೆ ಓಣಿಯ ನಡುವೆ ಬರುತ್ತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಎಳೆದುಕೊಂಡು ಬರುತ್ತಿದ್ದ ಚೀಲ. ಚೀಲದ ತುಂಬ ನೂಡಲ್ಸ್ ಡಬ್ಬಗಳು ಬೆಳ್ಳಗೆ ಕಾಣುತ್ತಿದ್ದವು. ಕೊಟ್ಟಿಗೆಯ ಗೊಬ್ಬರ ಮೂಟೆಗಳ ಹಿಂದೆ ಎಷ್ಟು ಕೂಡಿಟ್ಟಿದ್ದಳೋ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮೊತೇಗಿ ಯೋನೆ. ಮನೆಯ ಹೆಸರಷ್ಟೇ ಸಾಕಿತ್ತು. ಅವಳು ತನ್ನದನ್ನೂ ಬರೆದಿದ್ದಳು.

"ಇದನ್ನ ನೋಡು, ಬಿಚ್ಚಿ ಹರಡು. ಪತ್ರಿಕೆ ಬೇಕಾ, ತಂದಿದೀನಿ."

"ಯೋನೆ ಅವರೇ, ಏನಿದು?"

"ನಾನು ತಿಂದದ್ದು. ಅವತ್ತು ನಮ್ಮ ಅಂಗಳದಲ್ಲಿ ಸುರಿದ್ಯಲ್ಲ, ಅದೂ ನಾನು ತಿಂದದ್ದೇ. ಕಡ್ಡಿನೂ ನಂದೇ. ಈ ಹುಡುಗಿ ಚೀಲದೊಳಗೆ ತುರುಕಿದವಳು ನಾನು."

ಹೆಂಗಸರಲ್ಲಿ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ನೊಗಾಮಿ ಪೊರಕೆ ಬದಲಾಯಿಸಿ ಹಿಡಿದ. "ಇಷ್ಟನ್ನೂ ನೀವೊಬ್ಬರೇ ತಿಂದ್ರಾ? ಮನೇಲಿ ಊಟ ಹಾಕಲ್ವಾ?"

"ಹಾಕ್ತಾಳೆ, ಹೊತ್ತೊತ್ತಿಗೆ ಹಾಕ್ತಾಳೆ." ಯೋನೆ ಸೊಸೆಯ ಕಡೆ ನೋಡಲಿಲ್ಲ. "ನಾನು ಸಾಯಬಾರದು ಅಂತ ಉಪ್ಪಿಲ್ಲದೆ ಹಾಕ್ತಾಳೆ. ನಾಲಿಗೆ ಕೇಳಲ್ಲ. ಸಭೇಲಿ ಈ ಹುಡುಗಿ ಹೆಸರು ಎತ್ತಿದ್ಯಂತಲ್ಲ, ಮುಂದಿನ ಸಭೇಲಿ ನನ್ನ ಹೆಸರು ಎತ್ತು. ಅವಳು ಹೋಗಲ್ಲ. ಎರಡು ವರ್ಷ ಪಾಠ ಮುಗಿಯೋವರೆಗೆ ಇರ್ತಾಳೆ."

ಸನಾಯೆ ಸೈಕಲ್ಲಿನ ಹಿಡಿ ಬಿಗಿಯಾಗಿ ಹಿಡಿದು ನಿಂತಿದ್ದಳು. "ಹೌದು, ಇರ್ತಾಳೆ," ಅಂದಳು.

ನೊಗಾಮಿ ಚೀಲದ ಬಳಿ ಬಗ್ಗಿದ. ಒಂದು ಡಬ್ಬವನ್ನು ಹೊರಗಿನಿಂದಲೇ ಒತ್ತಿ ನೋಡಿದ. "ತೊಳೆದಿದೀರಿ."

"ಎಲ್ಲಾನೂ."

"ಆದ್ರೆ ಯೋನೆ ಅವರೇ, ಇವತ್ತು ಗುರುವಾರ. ಪ್ಲಾಸ್ಟಿಕ್ಕು ಬುಧವಾರ." ಅವನು ಜೇಬಿನಿಂದ ಕೆಂಪು ಚೀಟಿ ತೆಗೆದು, ಎರಡೂ ಕೈಯಿಂದ ಮರ್ಯಾದೆಯಾಗಿ, ಹೆಸರಿನ ಕೆಳಗೆ ಅಂಟಿಸಿದ.

ಹೆಂಗಸರು ನಕ್ಕುಬಿಟ್ಟರು. ಯೋನೆ ಚೀಟಿ ನೋಡಿದಳು, ನೊಗಾಮಿಯನ್ನು ನೋಡಿದಳು. ಆಮೇಲೆ ಚೀಲದ ಬಾಯಿಯನ್ನು ಸಂದಾಳ ಕೈಗೆ ಕೊಟ್ಟಳು. "ಹಿಡ್ಕೋ. ಮನೆಗೆ ಹೋಗೋಣ."

ಅಂದು ರಾತ್ರಿ ಸನಾಯೆ ಯೋನೆಯ ಮುಂದೆ ಸಾರಿನ ಬಟ್ಟಲು ಇಟ್ಟಳು. ಪಕ್ಕದ ಪುಟ್ಟ ತಟ್ಟೆಯಲ್ಲಿ ಉಪ್ಪಿನಕಾಯಿಯ ಎರಡು ತೆಳು ಹೋಳುಗಳು. ಯೋನೆ ಅವುಗಳನ್ನು ಎತ್ತಿ ಬೆಳಕಿಗೆ ಹಿಡಿದಳು. ಆಚೆ ಕಡೆಯ ದೀಪ ಕಾಣುವಷ್ಟು ತೆಳು.

"ಕತ್ತರಿಸಿದ್ದು ಚಾಕೂಲೋ, ಬ್ಲೇಡಲ್ಲೋ?"

"ಬೇಡದಿದ್ರೆ ಕೊಡಿ ಇಲ್ಲಿ."

ಯೋನೆ ಬಾಯಿಗೆ ಹಾಕಿಕೊಂಡಳು.

ಮಾರನೆಯ ದಿನ ಶುಕ್ರವಾರ. ಮಧ್ಯಾಹ್ನ ಅಂಗಡಿ ಗಾಡಿಯ ಹಾಡು ಓಣಿಯ ತುದಿಯಲ್ಲಿ ಕೇಳಿತು. ಮನೆಯಲ್ಲಿ ಯಾರೂ ಇರಲಿಲ್ಲ. ಯೋನೆ ಅಂಗಳಕ್ಕೆ ಇಳಿದು ಸುಮ್ಮನೆ ಹಿಂಮನೆಯ ಕಡೆ ಒಂದು ಸುತ್ತು ಹೋದಳು. ಬಾಗಿಲಿಗೆ ಬೀಗ ಹಾಕಿತ್ತು. ಕಿಟಕಿಯೊಳಗೆ ರಟ್ಟಿನ ಪೆಟ್ಟಿಗೆಗಳು ಬಿಚ್ಚಿಕೊಂಡು ಪುಸ್ತಕಗಳು ಮತ್ತೆ ಹೊರಬಂದಿದ್ದವು. ಗೋಡೆಯ ಪಕ್ಕ ಕಸದ ಬಕೆಟ್ಟಿತ್ತು. ಅದರ ಮುಚ್ಚಳದ ಮೇಲೆ, ಸೂರಿನ ಕೆಳಗಿನ ಸಾಲಿನಿಂದ ತಂದು ಹೇರಿದ್ದ ಉಪ್ಪಿನಕಾಯಿ ಕಲ್ಲು ಕೂತಿತ್ತು. ಇದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು.

ಯೋನೆ ಕೋಲನ್ನು ಗೋಡೆಗೆ ಆನಿಸಿ ಎರಡೂ ಕೈ ಹಾಕಿ ನೋಡಿದಳು. ಕಲ್ಲು ಅಲುಗಲಿಲ್ಲ.

"ಕಳ್ಳಿ," ಅಂದಳು, ಯಾರೂ ಇಲ್ಲದ ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ಅಂಗೈಯಿಂದ ಕಲ್ಲಿನ ಮೇಲಿದ್ದ ಹೊಲದ ಧೂಳನ್ನು ಒರೆಸಿದಳು. ಅದರ ಹೊಟ್ಟೆಯ ಸಪಾಟು ಭಾಗ ಮೇಲಾಗಿತ್ತು. ಹಾಗಿಟ್ಟರೆ ಪೀಪಾಯಿಯ ಮೇಲೆ ಭಾರ ಸರಿಯಾಗಿ ಕೂರುವುದಿಲ್ಲ, ಸಪಾಟು ಕೆಳಗಿರಬೇಕು. ಹುಡುಗಿಗೆ ಸಂಜೆ ಹೇಳಿಕೊಡಬೇಕು ಅಂದುಕೊಂಡಳು. ಮುಂದಿನ ಮೂಲಂಗಿ ಕಾಲಕ್ಕೆ ಕಲ್ಲು ಎತ್ತುವವರು ಯಾರಾದರೂ ಬೇಕಲ್ಲ.

ಗಾಡಿಯ ಹಾಡು ಹತ್ತಿರ ಬಂತು, ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತಿತು, ಮುಂದಕ್ಕೆ ಹೋಯಿತು.